ಹಾಯಿದೋಣಿಯಲ್ಲಿ ತೇವದ ಕಾಟಕ್ಕೆ

ನಿವೃತ್ತಿಯ ನಂತರ ಹಾಯಿದೋಣಿಯಲ್ಲಿ ತಿಂಗಳುಗಟ್ಟಲೆ ಇರಬೇಕು ಅಂತಿರುವವರಿಗೆ ಒಂದು ಮಾತು. ನಾವಿಬ್ಬರೂ ಮಡಿಕೇರಿಯವರು, ಮಳೆಗಾಲದ ಬೂಷ್ಟು ನಮಗೆ ಹೊಸದಲ್ಲ. ಆದರೂ ದೋಣಿಯಲ್ಲಿ ಮೊದಲ ವಾರವೇ ಹಾಸಿಗೆಯ ಅಡಿ ಒದ್ದೆಯಾಗಿತ್ತು. ಮೈಯ ಬಿಸಿ ಆವಿ ತಣ್ಣನೆಯ ಹಲಗೆಗೆ ತಾಗಿ ನೀರಾಗುತ್ತದೆ. ಕೆಳಗೆ ಮರದ ಪಟ್ಟಿ ಜೋಡಿಸಿ, ಗಾಳಿಯಾಡಲಿ. ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆ ಎತ್ತಿ ನಿಲ್ಲಿಸಿ.

ಬಟ್ಟೆಯದು ಇನ್ನೂ ಮುಖ್ಯ. ಸಮುದ್ರದ ನೀರಲ್ಲಿ ಒಗೆದರೂ ಕೊನೆಗೆ ಸಿಹಿನೀರಲ್ಲಿ ಜಾಲಿಸಲೇಬೇಕು. ಉಪ್ಪು ಉಳಿದರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒಣಗಿದ ಬಟ್ಟೆ ರಾತ್ರಿಗೆ ಮತ್ತೆ ಜಿಗುಟಾಗುತ್ತದೆ. ಜುಲೈನಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುತ್ತದಲ್ವಾ, ಹಾಗೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ತುಂಬಾ ಒರಟು. ಆ 4 ತಿಂಗಳು ನಾವು ದೋಣಿಯನ್ನು ದಡಕ್ಕೆ ಹತ್ತಿಸಿ ಮನೆಗೆ ಬಂದುಬಿಡುತ್ತೇವೆ.