ಮುಗಿದ ಸೆಲ್ ಅಂದರೆ ಪೂರ್ತಿ ಮುಗಿದಿರುವುದಿಲ್ಲ

ರಿಮೋಟಿನ ಸೆಲ್ ಹೋಯಿತು ಅಂದಾಗ ನಮ್ಮ ಮನೆಗಳಲ್ಲಿ ಏನೆಲ್ಲ ನಡೆಯುತ್ತದೆ ಅಲ್ವಾ? ಮೊದಲು ರಿಮೋಟಿಗೆ ಎರಡು ಏಟು. ಆಮೇಲೆ ಸೆಲ್ ತೆಗೆದು ಅಂಗೈಯಲ್ಲಿ ಉಜ್ಜುವುದು, ಅದಲುಬದಲು ಮಾಡುವುದು, ಕಿಟಕಿಯ ಬಿಸಿಲಿಗೆ ಇಡುವುದು. ಮಕ್ಕಳಂತೂ ಹಲ್ಲಲ್ಲಿ ಕಚ್ಚಿಯೂ ನೋಡುತ್ತಾರೆ. ಯಾವುದಕ್ಕೂ ಬಗ್ಗದಿದ್ದರೆ ಟಿವಿ ಕೆಳಗಿನ ಡ್ರಾಯರಿಗೋ ಕಸದ ಬುಟ್ಟಿಗೋ ಬೀಳುತ್ತದೆ. ಕಚ್ಚುವುದನ್ನು ಇವತ್ತೇ ಬಿಡಿಸಿ. ಆಲ್ಕಲೈನ್ ಸೆಲ್ಲಿನ ಒಳಗಿರುವುದು ಬಾಯಿ ಸುಡುವ ಕ್ಷಾರ.

ರಿಮೋಟಿಗೆ, ಆಟಿಕೆಗೆ ಸಾಲದ ಪೆನ್ಸಿಲ್ ಸೆಲ್ಲನ್ನು ಗೋಡೆ ಗಡಿಯಾರಕ್ಕೆ ಹಾಕಿ ನೋಡಿ. ಗಡಿಯಾರ ಎಳೆಯುವ ಕರೆಂಟ್ ತೀರಾ ಕಡಿಮೆ. ಎಷ್ಟೋ ಸಲ ಇನ್ನೂ ಕೆಲವು ತಿಂಗಳು ಓಡುತ್ತದೆ. ಮುಗಿಯಿತು ಅಂತ ನಾವು ಎಸೆಯುವ ಸೆಲ್ಲಿನಲ್ಲಿ ಕಸುವು ಉಳಿದೇ ಇರುತ್ತದೆ. ಅದನ್ನು ಹೇಗೆ ಇಡಬೇಕು, ಯಾರಿಗೆ ಕೊಡಬೇಕು ಅಂತ ಇಷ್ಟೆಲ್ಲ ಹೇಳುವುದು ಅದಕ್ಕೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಬಟನ್ ಸೆಲ್ಲಿನದು. ತೂಕದ ಯಂತ್ರ, ಕಾರಿನ ಕೀ, ಹಾಡುವ ಆಟಿಕೆ, ದೀಪಾವಳಿಗೆ ತರುವ ಪ್ಲಾಸ್ಟಿಕ್ ದೀಪ, ಎಲ್ಲದರಲ್ಲೂ ಇದೆ. ಸಿಆರ್2032 ಅಂತ ಬರೆದಿರುವುದು 20 ಮಿಲಿಮೀಟರ್ ಅಗಲ, ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು. ಚಿಕ್ಕ ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅಲ್ಲಿನ ಒದ್ದೆಗೆ ಕರೆಂಟ್ ಹರಿದು ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ಒಳಗೆಲ್ಲ ಸುಟ್ಟು ಹೋಗಬಹುದು. ಹಳೇ ಸೆಲ್ ಆದರೂ ಇಷ್ಟಕ್ಕೆ ಸಾಕಾಗುವ ಕಸುವು ಅದರಲ್ಲಿ ಇರುತ್ತದೆ.

ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಮಗು ಚೆನ್ನಾಗಿ ಆಡುತ್ತಿದ್ದರೂ ಸರಿ, ಕಾಯಬೇಡಿ. ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಓಡಿ, ಇಲ್ಲವೇ 108ಕ್ಕೆ ಕರೆ ಮಾಡಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಬಾಳೆಹಣ್ಣು ತಿನ್ನಿಸಿದರೆ ಕೆಳಗೆ ಇಳಿಯುತ್ತದೆ ಅನ್ನುವವರ ಮಾತು ಕೇಳಬೇಡಿ. ಮಗುವಿಗೆ ಒಂದು ವರ್ಷ ದಾಟಿದ್ದರೆ, ನುಂಗಿ 12 ಗಂಟೆ ಆಗಿಲ್ಲದಿದ್ದರೆ, ಹೋಗುವ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕುಡಿಸಬಹುದು, ಹೆಚ್ಚೆಂದರೆ ಆರು ಸಲ. ಜೇನು ಸುಡುವುದನ್ನು ಸ್ವಲ್ಪ ತಡೆಯುತ್ತದೆ. ಆದರೆ ಜೇನು ಹುಡುಕುತ್ತಾ ಮನೆಯಲ್ಲಿ ನಿಲ್ಲಬಾರದು. ಮೂಗು, ಕಿವಿಗೆ ತುರುಕಿಕೊಂಡರೂ ಆಸ್ಪತ್ರೆಗೇ ಹೋಗಬೇಕು.

ಹಾಗಾಗಿ ಬಟನ್ ಸೆಲ್ ಬದಲಾಯಿಸಿದ ಕೂಡಲೇ ಹಳೆಯದನ್ನು ಎರಡೂ ಕಡೆಯಿಂದ ಸೆಲ್ಲೋಟೇಪಿನಲ್ಲಿ ಸುತ್ತಿ. ಮೇಜಿನ ಮೇಲೆ ಇಟ್ಟು ಆಮೇಲೆ ನೋಡೋಣ ಅನ್ನಬೇಡಿ.

ಸೆಲ್‌ಗಳನ್ನು ಕೂಡಿಡಲು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೇ ಸರಿ. ಸ್ಟೀಲ್ ಡಬ್ಬಿ, ಬಿಸ್ಕತ್ತಿನ ತಗಡಿನ ಡಬ್ಬ ಬೇಡ. ಹೊಗೆ ಅಲಾರಂ, ಮೈಕುಗಳಿಗೆ ಹಾಕುವ 9 ವೋಲ್ಟಿನ ಚೌಕ ಬ್ಯಾಟರಿಯ ಎರಡೂ ತುದಿ ಒಂದೇ ಕಡೆ ಇರುತ್ತವೆ. ಚಿಲ್ಲರೆ, ಕೀಲಿ, ಪಾತ್ರೆ ತಿಕ್ಕುವ ಸ್ಟೀಲ್ ಜುಂಗು, ಯಾವುದಾದರೂ ಎರಡಕ್ಕೂ ತಾಗಿದರೆ ಕಾದು ಬೆಂಕಿ ಹತ್ತಬಹುದು. ತುದಿಗೆ ಟೇಪ್ ಹಚ್ಚದೆ ಡಬ್ಬಿಗೆ ಹಾಕಬೇಡಿ. ಡಬ್ಬಿ ಮಕ್ಕಳ ಕೈಗೆ ಸಿಗದ ಕಡೆ ಇರಲಿ. ಒಲೆ ಪಕ್ಕ, ಬಿಸಿಲು ಬೀಳುವ ಜಾಗ ಬೇಡ.

ಮೊಬೈಲ್, ಲ್ಯಾಪ್‌ಟಾಪ್, ಪವರ್ ಬ್ಯಾಂಕಿನದು ಬೇರೆ ಜಾತಿ, ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಥಿಯಂ-ಅಯಾನ್ ಬ್ಯಾಟರಿ. ಅದನ್ನು ಸೆಲ್ಲಿನ ಡಬ್ಬಿಗೆ ಸೇರಿಸಬೇಡಿ. ಹೊಟ್ಟೆ ಊದಿದ್ದರೆ ಚಾರ್ಜಿಗೆ ಹಾಕುವುದು, ಒತ್ತುವುದು, ಸೂಜಿ ಚುಚ್ಚಿ ಗಾಳಿ ಬಿಡುವುದು ಏನೂ ಬೇಡ. ಒಣ ಮರಳು ಹಾಕಿದ ಮಣ್ಣಿನ ಕುಂಡದಲ್ಲಿಟ್ಟು ಮನೆಯಿಂದ ಹೊರಗಿಡಿ. ಆದಷ್ಟು ಬೇಗ ಸರ್ವೀಸ್ ಸೆಂಟರಿಗೆ ಕೊಡಿ. ಇಂಥದ್ದು ಕಸದ ಗಾಡಿಗೆ ಹೋಗಿ ಅಲ್ಲಿ ಅಮುಕಿದಾಗ ಬೆಂಕಿ ಏಳಬಹುದು. ಸುಟ್ಟುಕೊಳ್ಳುವುದು ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ.

ಇನ್ನು ಸೆಲ್ ಸೋರಿ ರಿಮೋಟಿನ ಒಳಗೆ ಬಿಳಿ ಪುಡಿ ಕಂಡರೆ ಉಗುರಿನಲ್ಲಿ ಕೆರೆಯಬೇಡಿ. ಕೈಗವಸು ಹಾಕಿ, ಸೆಲ್ ತೆಗೆದು, ಕಿವಿಗೆ ಹಾಕುವ ಹತ್ತಿಕಡ್ಡಿಗೆ ವಿನೆಗರೋ ನಿಂಬೆರಸವೋ ತಾಗಿಸಿ ಒರೆಸಿ. ಒಣಗಿಸಿ ಹೊಸ ಸೆಲ್ ಹಾಕಿದರೆ ಎಷ್ಟೋ ರಿಮೋಟ್ ಮತ್ತೆ ನಡೆಯುತ್ತವೆ. ಹಳೆಯದು ಒಂದು, ಹೊಸದು ಒಂದು ಹಾಕಿದರೆ ಹಳೆಯದು ಬೇಗ ಸೋರುತ್ತದೆ. ಜೋಡಿಯಾಗಿಯೇ ಬದಲಿಸಿ.

ಹಳ್ಳಿಯ ಕಡೆ ಮುಗಿದ ಟಾರ್ಚ್ ಸೆಲ್ಲನ್ನು ಬಚ್ಚಲ ಒಲೆಗೆ ಎಸೆಯುವವರು ಈಗಲೂ ಇದ್ದಾರೆ. ಕಾದರೆ ಸಿಡಿಯುತ್ತದೆ ಕಣ್ರೀ. ಒಡೆದು ಒಳಗಿನ ಕಪ್ಪು ಕಡ್ಡಿಯಲ್ಲಿ ಗೋಡೆ ಮೇಲೆ ಬರೆಯುವ ಆಟ ನಮ್ಮ ಕಾಲದ್ದು. ಅದು ಅಲ್ಲಿಗೇ ನಿಲ್ಲಲಿ.

ಕೊಡುವುದು ಎಲ್ಲಿಗೆ? 2001ರ ನಿಯಮ ಸೀಸದ ಬ್ಯಾಟರಿಗೆ ಮಾತ್ರ ಇತ್ತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಪೆನ್ಸಿಲ್ ಸೆಲ್ಲಿನಿಂದ ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿವರೆಗೆ ಎಲ್ಲಕ್ಕೂ ಅನ್ವಯಿಸುತ್ತದೆ. ಮನೆ ಕಸದ ಜೊತೆ ಬೆರೆಸದೆ ಬೇರೆ ಕೊಡುವುದು ನಮ್ಮ ಕೆಲಸ, ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಕಂಪನಿಯವರದು. ಬೆಂಗಳೂರಿನಲ್ಲಾದರೆ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲಿ ತೆಗೆದುಕೊಳ್ಳುತ್ತಾರಾ ಕೇಳಿ. ಅಪಾರ್ಟ್‌ಮೆಂಟುಗಳಲ್ಲಿ ಇ-ತ್ಯಾಜ್ಯ ಸಂಗ್ರಹಿಸುವ ದಿನ ಕೊಡಬಹುದು. ಕಸದ ಗಾಡಿಯವರಿಗೇ ಕೊಡುವುದಾದರೆ ಬೇರೆ ಚೀಲದಲ್ಲಿ, ಸೆಲ್ ಇದೆ ಅಂತ ಬಾಯಿಬಿಟ್ಟು ಹೇಳಿ ಕೊಡಿ. ಊರಲ್ಲಿ ಇಂಥ ವ್ಯವಸ್ಥೆ ಇಲ್ಲದವರು ಪೆನ್ಸಿಲ್ ಸೆಲ್, ಬಟನ್ ಸೆಲ್ ಎರಡನ್ನೂ ಡಬ್ಬಿಯಲ್ಲಿ ಕೂಡಿಟ್ಟು, ಪೇಟೆಯಲ್ಲಿರುವ ದೊಡ್ಡ ಮಕ್ಕಳು ಹಬ್ಬಕ್ಕೆ ಬಂದಾಗ ಅವರ ಜೊತೆ ಕಳಿಸಿ. ಹೋಳಿಗೆ ಡಬ್ಬಿ ಜೊತೆ ಇದೂ ಒಂದು!

ಇನ್ವರ್ಟರ್ ಬ್ಯಾಟರಿಗೆ ಇಷ್ಟೆಲ್ಲ ಪಾಡಿಲ್ಲ, ಅದರ ಸೀಸಕ್ಕೆ ಬೆಲೆ ಇದೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಕಳೆಯುತ್ತಾರೆ. ನಾಲ್ಕು ಕಾಸು ಜಾಸ್ತಿ ಸಿಗುತ್ತದೆ ಅಂತ ಗುಜರಿಯವರಿಗೆ ಕೊಡಬೇಡಿ. ಆಸಿಡ್ ಮೋರಿಗೆ ಚೆಲ್ಲಿ, ಸೀಸವನ್ನು ಬಯಲಲ್ಲಿ ಕಾಯಿಸುವವರ ಕೈಗೆ ಅದು ಸೇರಬಹುದು, ಆ ಹೊಗೆ ಅಕ್ಕಪಕ್ಕದ ಮಕ್ಕಳ ಮೈಗೆ ಹೋಗುತ್ತದೆ. ಸಾಗಿಸುವಾಗ ಅಡ್ಡ ಮಲಗಿಸಬೇಡಿ. ಬಿಲ್ಲಿನಲ್ಲಿ ಹಳೇ ಬ್ಯಾಟರಿಯ ಹಣ ಕಳೆದದ್ದನ್ನು ಬರೆಸಿಕೊಳ್ಳಿ.