ಇಂಟರ್ನೆಟ್ ಇಲ್ಲದ ಮಳೆಗಾಲಕ್ಕೊಂದು ಟಿವಿ ಬಾಕ್ಸು

ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಪುನರ್ವಸು ಮಳೆ ಹಿಡಿದುಕೊಂಡಿತೆಂದರೆ ಎಲ್ಲಾದರೂ ಒಂದು ಮರ ಬಿದ್ದು ಫೈಬರ್ ಕೇಬಲ್ ತುಂಡಾಗುತ್ತದೆ, ಅದು ಸರಿಯಾಗಲು ಕೆಲವೊಮ್ಮೆ ವಾರವೇ ಹಿಡಿಯುತ್ತದೆ. ಕರೆಂಟಿಗೆ ಇನ್ವರ್ಟರ್ ಇದೆ; ಆದರೆ ಟಿವಿಗೆ ಜೋಡಿಸಿದ ಆಂಡ್ರಾಯ್ಡ್ ಬಾಕ್ಸಿನಿಂದ ಅಷ್ಟು ದಿನ ಯಾವ ಪ್ರಯೋಜನವೂ ಇರುತ್ತಿರಲಿಲ್ಲ. ಹೊಸದೇನನ್ನೂ ಕೊಳ್ಳುವ ಬದಲು, ಅದೇ ಬಾಕ್ಸು ಹಾರ್ಡ್ ಡಿಸ್ಕಿನ ಸಿನಿಮಾ ತೋರಿಸಬೇಕು, ಮನೆಯ ಫೋನುಗಳಿಗೆಲ್ಲ ಫೈಲು ಹಂಚಬೇಕು, ಅಮ್ಮನಿಗಾಗಿ ಚಂದನ ವಾಹಿನಿಯನ್ನು ಹಿಡಿದು ರೆಕಾರ್ಡ್ ಮಾಡಬೇಕು ಎಂದು ಹೊರಟೆ.

ನನ್ನ ಬಾಕ್ಸಿನಲ್ಲಿರುವುದು ಆಮ್‌ಲಾಜಿಕ್ ಎಸ್905ಎಕ್ಸ್2 ಚಿಪ್ಪು. ಇದಕ್ಕೆ ಕೋರ್‌ಎಲೆಕ್ ಎಂಬ ಲಿನಕ್ಸ್ ವ್ಯವಸ್ಥೆ ಉಚಿತವಾಗಿ ದೊರೆಯುತ್ತದೆ. ಅದರ ಮುಖವೆಂದರೆ ಕೋಡಿ, 2014ರವರೆಗೆ ಎಕ್ಸ್‌ಬಿಎಂಸಿ ಎಂಬ ಹೆಸರಿದ್ದ, ಸಿನಿಮಾ-ಹಾಡುಗಳನ್ನು ಟಿವಿಯಲ್ಲಿ ತೋರಿಸುವ ತಂತ್ರಾಂಶ. (ಕೆರೆ ಕೋಡಿ ಬಿದ್ದ ಸುದ್ದಿ ಕೇಳಿ ಬೆಳೆದ ನಮ್ಮ ಮನೆಯವರಿಗೆ ಈ ಹೆಸರು ಒಂದೇ ಸಲಕ್ಕೆ ಬಾಯಿಪಾಠವಾಯಿತು.) ಇದನ್ನು ಎಸ್‌ಡಿ ಕಾರ್ಡಿಗೆ ಬರೆದು, ಕಾರ್ಡಿನೊಳಗಿನ ಡಿವೈಸ್ ಟ್ರೀ (ಬಾಕ್ಸಿನ ಯಂತ್ರಾಂಶದ ವಿವರಪಟ್ಟಿ) ಫೋಲ್ಡರಿನಿಂದ ನಮ್ಮ ಚಿಪ್ಪಿನ ಹೆಸರು ಮತ್ತು ರ‍್ಯಾಮ್ ಪ್ರಮಾಣಕ್ಕೆ ಹೊಂದುವ ಫೈಲನ್ನು ಹೊರಗೆ ನಕಲು ಮಾಡಿ, ಅದರ ಹೆಸರನ್ನು ‘ಡಿಟಿಬಿ.ಐಎಂಜಿ’ ಎಂದು ಬದಲಿಸಬೇಕು. ಬಳಿಕ ಎವಿ ಸಾಕೆಟ್ಟಿನ ರಂಧ್ರದೊಳಗೆ ಅಡಗಿರುವ ಗುಂಡಿಯನ್ನು ಹಲ್ಲುಕಡ್ಡಿಯಿಂದ ಒತ್ತಿ ಹಿಡಿದು ವಿದ್ಯುತ್ ಕೊಟ್ಟರೆ ಬಾಕ್ಸು ಕಾರ್ಡಿನಿಂದ ಏಳುತ್ತದೆ. ಒಳಗಿನ ಆಂಡ್ರಾಯ್ಡನ್ನು ನಾನು ಅಳಿಸಲಿಲ್ಲ. ಹಣ ಕೊಟ್ಟು ನೋಡುವ ಓಟಿಟಿ ಸೇವೆಗಳು ಒಳ್ಳೆಯ ಗುಣಮಟ್ಟದಲ್ಲಿ ಬರಲು ವೈಡ್‌ವೈನ್ ಎಲ್1 ಎಂಬ ಪರವಾನಗಿ ಬೇಕಾಗುತ್ತದೆ, ಅದು ಕೋರ್‌ಎಲೆಕ್‌ನಲ್ಲಿ ಇಲ್ಲ. ಆದ್ದರಿಂದ ಇಂಟರ್ನೆಟ್ ಇರುವ ದಿನಗಳಲ್ಲಿ ಪವರ್ ಮೆನುವಿನಿಂದಲೇ ಆಂಡ್ರಾಯ್ಡಿಗೆ ಹಿಂದಿರುಗುತ್ತೇನೆ.

ಇಷ್ಟಕ್ಕೆ ಒಂದು ಸಂಜೆ ಸಾಕಾಯಿತು. ಹಾರ್ಡ್ ಡಿಸ್ಕು ಮಾತ್ರ ಒಂದು ವಾರ ಕಾಡಿತು. ಜೋಡಿಸಿದಾಗ ಟಿಕ್ ಟಿಕ್ ಎಂದು ಸದ್ದು ಮಾಡಿ ಮಾಯವಾಗುತ್ತಿತ್ತು. ಡಿಸ್ಕೇ ಕೆಟ್ಟಿದೆಯೆಂದು ತಿಳಿದಿದ್ದೆ, ಕಾರಣ ಬೇರೆಯಾಗಿತ್ತು. ಎರಡೂವರೆ ಇಂಚಿನ ಡಿಸ್ಕು ತಿರುಗಲು ಆರಂಭಿಸುವ ಕ್ಷಣದಲ್ಲಿ ಸುಮಾರು ಒಂದು ಆಂಪಿಯರ್ ಬೇಡುತ್ತದೆ, ಯುಎಸ್‌ಬಿ 2.0 ಪೋರ್ಟು ನಿಯಮದಂತೆ ಕೊಡಬೇಕಾದದ್ದು ಅರ್ಧ ಆಂಪಿಯರ್ ಮಾತ್ರ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತಂದು ಹಾಕಿದ ಮೇಲೆ ಡಿಸ್ಕು ಮಾಯವಾಗದೆ ಉಳಿಯಿತು, ಆದರೆ ಬಾಕ್ಸನ್ನು ಆರಿಸಿದರೂ ಅದರ ದೀಪ ಮಂದವಾಗಿ ಉರಿಯುತ್ತಲೇ ಇತ್ತು. ಕೆಲವು ಅಗ್ಗದ ಹಬ್ಬುಗಳು ಬಾಕ್ಸಿಗೇ ಹಿಮ್ಮುಖವಾಗಿ ವಿದ್ಯುತ್ ತಳ್ಳುತ್ತವೆ. ಹಬ್ಬಿನಿಂದ ಬಾಕ್ಸಿಗೆ ಹೋಗುವ ಪ್ಲಗ್ಗಿನ 5 ವೋಲ್ಟ್ ಪಟ್ಟಿಯ ಮೇಲೆ ಇನ್ಸುಲೇಷನ್ ಟೇಪಿನ ಸಣ್ಣ ಚೂರು ಅಂಟಿಸಿ ಅದನ್ನು ನಿಲ್ಲಿಸಿದೆ. ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲಿ ಬಾಕ್ಸು ಒಮ್ಮೊಮ್ಮೆ ಆರಿ ಹೊತ್ತಿಕೊಳ್ಳುವುದರಿಂದ ಫೈಲುಗಳು ಕೆಡದಿರಲೆಂದು ಡಿಸ್ಕಿನ ಫೈಲ್ ವ್ಯವಸ್ಥೆಯನ್ನು ವಿಂಡೋಸಿನ ಎನ್‌ಟಿಎಫ್‌ಎಸ್‌ನಿಂದ ಲಿನಕ್ಸಿನ ಇಎಕ್ಸ್‌ಟಿ4ಗೆ ಬದಲಿಸಿಕೊಂಡೆ. ಮನೆಯ ನೆಟ್‌ವರ್ಕಿನಲ್ಲಿ ಫೈಲು ಹಂಚುವ ಸಾಂಬಾ ಸೌಲಭ್ಯ ಕೋರ್‌ಎಲೆಕ್‌ನಲ್ಲಿ ಮೊದಲೇ ಇರುವುದರಿಂದ ಫೈಲು ಹಂಚಲು ಹೆಚ್ಚಿನ ಶ್ರಮವಾಗಲಿಲ್ಲ.

ಚಂದನಕ್ಕಾಗಿ, ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಇರುವ ಡಿವಿಬಿ-ಎಸ್2 (ಉಪಗ್ರಹ ಟಿವಿ ಹಿಡಿಯುವ) ಯುಎಸ್‌ಬಿ ಟ್ಯೂನರನ್ನು ತರಿಸಿ, ಅದನ್ನು ನಿಭಾಯಿಸಲು ಟಿವಿಹೆಡ್‌ಎಂಡ್ ಎಂಬ ಆಡ್-ಆನ್ ಹಾಕಿಕೊಂಡೆ. ಚಂದನವಿರುವ ದೂರದರ್ಶನದ ಉಚಿತ ಸೇವೆ ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ಊರಿನಿಂದ ಅದು ಆಗ್ನೇಯಕ್ಕೆ, ಸುಮಾರು 64 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಇಷ್ಟು ಎತ್ತರವಿದ್ದದ್ದರಿಂದಲೇ ತೋಟದ ಸಿಲ್ವರ್ ಓಕ್ ಮರಗಳು ಅಡ್ಡ ಬರಲಿಲ್ಲ. ಆದರೂ ರೆಕಾರ್ಡಿಂಗ್ ಹಳಿ ತಪ್ಪುತ್ತಿತ್ತು. ಈ ಬಾಕ್ಸಿನಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ, ಸಮಯವನ್ನು ಇಂಟರ್ನೆಟ್ಟಿನಿಂದಲೇ ತಿಳಿಯುತ್ತದೆ. ಇಂಟರ್ನೆಟ್ ಇಲ್ಲದ ದಿನ ಒಮ್ಮೆ ಆರಿ ಹೊತ್ತಿಕೊಂಡರೆ ಕೆಲವು ತಿಂಗಳ ಹಿಂದಿನ ದಿನಾಂಕಕ್ಕೆ ಹೋಗಿ ಕೂರುತ್ತಿತ್ತು. ಅಮ್ಮನ ರಸಪ್ರಶ್ನೆ ಕಾರ್ಯಕ್ರಮ ಎರಡು ಸಲ ತಪ್ಪಿದ ಮೇಲೆ, ಉಪಗ್ರಹದ ಪ್ರಸಾರದಲ್ಲೇ ಸಮಯದ ಮಾಹಿತಿ ಬರುತ್ತದೆಂಬುದೂ, ಅದರಿಂದ ಬಾಕ್ಸಿನ ಗಡಿಯಾರವನ್ನು ಸರಿಪಡಿಸುವ ಆಯ್ಕೆ ಟಿವಿಹೆಡ್‌ಎಂಡ್‌ನ ಸಾಮಾನ್ಯ ಸೆಟ್ಟಿಂಗುಗಳಲ್ಲೇ ಇದೆಯೆಂಬುದೂ ಗೊತ್ತಾಯಿತು. ಅದಕ್ಕೊಂದು ಗುರುತು ಹಾಕಿದ ಮೇಲೆ ಗಡಿಯಾರದ ತೊಂದರೆ ಮರುಕಳಿಸಿಲ್ಲ.

ಜಡಿಮಳೆ ಸುರಿಯುವಾಗ ಮಾತ್ರ ಚಂದನವೂ ಬರುವುದಿಲ್ಲ, ಏಕೆಂದರೆ ಈ ಪ್ರಸಾರ ಬಳಸುವ ಕೆಯು ಬ್ಯಾಂಡಿನ ತರಂಗಗಳನ್ನು ಮಳೆಹನಿಗಳು ಹೀರಿಬಿಡುತ್ತವೆ. ಆಗ ಅಮ್ಮ ಹಿಂದಿನ ವಾರ ರೆಕಾರ್ಡ್ ಆದದ್ದನ್ನು ಹಾಕಿಕೊಂಡು, ಉತ್ತರ ಮೊದಲೇ ಗೊತ್ತಿದ್ದರೂ ಇನ್ನೊಮ್ಮೆ ಹೇಳುತ್ತಾರೆ.