ಆರ್‌ವಿ ಕೊಳ್ಳೋಣವೋ, ಬಾಡಿಗೆಗೆ ತರೋಣವೋ: ನಾವು ಲೆಕ್ಕ ಹಾಕಿದ ಬಗೆ

ಇದೆಲ್ಲ ಶುರುವಾಗಿದ್ದು ಅಪ್ಪನ ಮೊಣಕಾಲು ನೋವಿನಿಂದ. ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಮಕ್ಕಳು ಚಿಕ್ಕವರಿದ್ದಾಗಿನಿಂದ ಟೆಂಟ್ ಹಾಕಿ ಮಲಗಿ ಅಭ್ಯಾಸ. 2022ರಲ್ಲಿ ತಿಪಟೂರಿನಿಂದ ಅಪ್ಪ ಫೋನ್ ಮಾಡಿ ಹೇಳಿದರು: "ಬರೋ ವರ್ಷ ಬರ್ತೀವಿ. ಬೆಟ್ಟ, ಕಾಡು ಎಲ್ಲ ತೋರಿಸು. ಆದ್ರೆ ನೆಲದ ಮೇಲೆ ಮಲಗು ಅನ್ನಬೇಡ. ಕೂತ್ರೆ ಏಳೋಕಾಗಲ್ಲ." ಅಮ್ಮನ ಚಿಂತೆ ಬೇರೆ. ರಾತ್ರಿ ಎರಡು ಸಲ ಎದ್ದು, ಟಾರ್ಚ್ ಹಿಡಿದು ಶೌಚಾಲಯ ಹುಡುಕುವುದು ಅವರ ಕೈಲಿ ಆಗದ ಕೆಲಸ. ಹೊರಗಿನ ಊಟವನ್ನಂತೂ ಇಬ್ಬರೂ ಎರಡು ದಿನಕ್ಕಿಂತ ಜಾಸ್ತಿ ತಿನ್ನಲಾರರು. ಹಾಸಿಗೆ, ಬಚ್ಚಲು, ಒಲೆ ಮೂರೂ ನಮ್ಮ ಜೊತೆಗೇ ಬರಬೇಕು ಅಂದರೆ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆಯಂಥ ಗಾಡಿ, ಬಿಟ್ಟು ಬೇರೆ ದಾರಿ ಕಾಣಲಿಲ್ಲ.

ಬಾಡಿಗೆ ದರ ವಿಚಾರಿಸಿದಾಗ ಎದೆ ಝಲ್ಲೆಂದಿತು. "ಇಷ್ಟು ಬಾಡಿಗೆ ಕಟ್ಟೋ ಬದಲು ಒಂದು ಕೊಂಡೇಬಿಡೋಣ" ಅಂದರು ನಮ್ಮ ಮನೆಯವರು. ನನಗೂ ಹಾಗೇ ಅನ್ನಿಸಿತ್ತು. ಅಂಗಡಿಗೆ ಹೋಗಿ, 31 ಅಡಿಯ ಹೊಸ ಗಾಡಿಯೊಳಗೆ ಕೂತು ಬೆಲೆಯನ್ನೂ ಮಾತಾಡಿದ್ದೆವು. ಅಲ್ಲಿ ಮಾರುವವರು ಒಂದು ಮಾತು ಹೇಳಿದರು: ಮಲಗಲು, ಅಡುಗೆಗೆ, ಶೌಚಕ್ಕೆ ಜಾಗ ಇರುವ ಆರ್‌ವಿಯನ್ನು ಎರಡನೇ ಮನೆ ಅಂತ ತೋರಿಸಿ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆಯಬಹುದು. ಮಾತು ನಿಜವೇ. ಆದರೆ ನಮ್ಮ ಹಾಗೆ ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸದೆ ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನುವ ನಿಗದಿತ ವಿನಾಯಿತಿ ತೆಗೆದುಕೊಳ್ಳುವವರಿಗೆ ಅದರಿಂದ ಒಂದು ಡಾಲರ್ ಕೂಡ ಉಳಿಯುವುದಿಲ್ಲ. ಮನೆಗೆ ಬಂದು ಇದನ್ನು ನೋಡಿದ ಮೇಲೆ ನಾನು ಹಟ ಹಿಡಿದೆ. ಮೂರು ಸಲ ಬಾಡಿಗೆಗೆ ತರೋಣ, ಆಮೇಲೆ ತೀರ್ಮಾನ. ಒಂದು ನೋಟ್‌ಬುಕ್ ಇಟ್ಟು, ಪ್ರತಿ ಖರ್ಚನ್ನೂ ಪ್ರತಿ ರಾತ್ರಿಯನ್ನೂ ಬರೆಯತೊಡಗಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಬಸ್ಸಿನಂಥದ್ದು ಕ್ಲಾಸ್ ಎ. ವ್ಯಾನಿನಂಥದ್ದು ಕ್ಲಾಸ್ ಬಿ. ಟ್ರಕ್ಕಿನ ಮುಂಭಾಗ ಇದ್ದು, ಡ್ರೈವರ್ ತಲೆಯ ಮೇಲೆ ಅಟ್ಟದಂಥ ಹಾಸಿಗೆ ಇರುವುದು ಕ್ಲಾಸ್ ಸಿ. ಇದಲ್ಲದೆ ಕಾರಿಗೋ ಪಿಕಪ್ಪಿಗೋ ಕಟ್ಟಿ ಎಳೆಯುವ ಟ್ರೇಲರ್‌ಗಳಿವೆ. ನಾವು ಆರು ಜನ, ಆರು ಸೀಟ್ ಬೆಲ್ಟ್ ಬೇಕು. ಹಾಗಾಗಿ ಕ್ಲಾಸ್ ಸಿ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾರಿನ ಲೈಸೆನ್ಸೇ ಸಾಕು.

ಮೊದಲನೆಯ ಸಲ ಹೋಗಿದ್ದು ಹತ್ತಿರದ ಪಿನಕಲ್ಸ್ ನ್ಯಾಷನಲ್ ಪಾರ್ಕ್‌ಗೆ. 2022ರ ನವೆಂಬರ್, ಎರಡೇ ರಾತ್ರಿ, ನಾವು ನಾಲ್ಕೇ ಜನ. ಒಬ್ಬ ಖಾಸಗಿ ಮಾಲೀಕರ ಗಾಡಿ ಅದು. ಡಂಪ್ ಸ್ಟೇಷನ್, ಅಂದರೆ ಗಾಡಿಯ ಕೊಳೆ ನೀರು ಸುರಿಯುವ ಜಾಗ, ಅದರ ಕೆಲಸ ಅಲ್ಲೇ ಕಲಿತೆವು. ಕೈಗೆ ಗ್ಲೌಸ್ ಹಾಕಿ, ಮೊದಲು ಶೌಚದ ಬ್ಲ್ಯಾಕ್ ಟ್ಯಾಂಕ್ ಖಾಲಿ ಮಾಡಬೇಕು. ಆಮೇಲೆ ಸಿಂಕ್ ಮತ್ತು ಸ್ನಾನದ ಗ್ರೇ ಟ್ಯಾಂಕ್. ಆಗ ಸೋಪು ನೀರು ಹರಿದು ಪೈಪ್ ತೊಳೆದುಕೊಳ್ಳುತ್ತದೆ. ಎರಡನೇ ಸಲ ಮಾಡುವಾಗ ಹತ್ತು ನಿಮಿಷದ ಕೆಲಸ. ಅದಕ್ಕೆ ಹೆದರಿ ಆರ್‌ವಿ ಬೇಡ ಅನ್ನುವವರಿದ್ದಾರೆ, ಹೆದರಬೇಕಾಗಿಲ್ಲ.

ಹೆದರಬೇಕಾದ್ದು ಬೇರೆ ಇದೆ. ಎರಡನೇ ರಾತ್ರಿ ಮಳೆ ಬಂತು. ಅಟ್ಟದ ಮೇಲೆ ಮಲಗಿದ್ದ ಮಗಳು ಎದ್ದು "ಅಮ್ಮಾ, ದಿಂಬು ಒದ್ದೆ" ಅಂದಳು. ಮೂಲೆಯಿಂದ ನೀರು ಜಿನುಗುತ್ತಿತ್ತು. ಗೋಡೆ ಒತ್ತಿ ನೋಡಿದರೆ ನೆಂದ ರಟ್ಟಿನ ಹಾಗೆ ಮೆತ್ತಗೆ. ಆರ್‌ವಿಯ ಚಾವಣಿಯಲ್ಲಿ ಗಾಳಿಕಿಂಡಿ, ಎಸಿ, ಪೈಪು ಅಂತ ಹತ್ತಾರು ತೂತುಗಳಿರುತ್ತವೆ. ಅವುಗಳ ಸುತ್ತ ನೀರು ಇಳಿಯದಂತೆ ಬಳಿದ ಸೀಲಂಟ್ ಅಂಟು ಬಿಸಿಲಿಗೆ ಬಿರುಕು ಬಿಡುತ್ತದೆ. ವರ್ಷಕ್ಕೆ ಎರಡು ಸಲವಾದರೂ ಏಣಿ ಹತ್ತಿ ನೋಡದಿದ್ದರೆ ನೀರು ಗೋಡೆಯೊಳಗಿನ ಮರಕ್ಕೆ ಇಳಿದು ಒಳಗಿಂದಲೇ ಕೊಳೆಯುತ್ತದೆ. ಎಂಜಿನ್ ಗಟ್ಟಿಯಾಗಿದ್ದರೂ ಗಾಡಿ ಹಾಳಾಗುವುದು ಹೀಗೆ. ನಾವು ಫೋಟೋ ತೆಗೆದು ಮಾಲೀಕರಿಗೆ ಕಳಿಸಿದೆವು, ಗಾಡಿ ಹಿಂದಿರುಗಿಸಿ ಮನೆಗೆ ಬಂದೆವು. ನಮ್ಮದೇ ಗಾಡಿ ಆಗಿದ್ದರೆ ಆ ರಿಪೇರಿ ನಮ್ಮ ತಲೆಗೆ ಬರುತ್ತಿತ್ತು. ಅವತ್ತು ನೋಟ್‌ಬುಕ್ಕಿನಲ್ಲಿ ಬರೆದ ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ: "ಚಾವಣಿ."

2023ರ ಏಪ್ರಿಲ್‌ಗೆ ಅಪ್ಪ ಅಮ್ಮ ಬಂದರು. ಮಕ್ಕಳ ವಸಂತ ರಜೆಗೆ 28 ಅಡಿಯ ಗಾಡಿ ತೆಗೆದುಕೊಂಡು ಯೂಟಾ ರಾಜ್ಯದ ಜಯಾನ್ ಮತ್ತು ಬ್ರೈಸ್ ಕ್ಯಾನ್ಯನ್ ಪಾರ್ಕ್‌ಗಳಿಗೆ ಹೊರಟೆವು. ಏಳು ರಾತ್ರಿ, ಹೋಗಿ ಬಂದು 1,450 ಮೈಲಿ. ಅಮ್ಮ ಕುಕ್ಕರ್ ಇಟ್ಟು ಬಿಸಿಬೇಳೆಬಾತ್ ಮಾಡಿದರು. ಒಗ್ಗರಣೆ ಹಾಕುವ ಮೊದಲು ಚಾವಣಿಯ ಫ್ಯಾನ್ ಹಾಕಿ ಕಿಟಕಿ ತೆಗೆಯಬೇಕು, ಇಲ್ಲದಿದ್ದರೆ ಹೊಗೆಯ ಅಲಾರಂ ಕೂಗುತ್ತದೆ. ಎರಡನೇ ದಿನಕ್ಕೆ ಅಮ್ಮನೇ ಇದನ್ನು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಸಂಜೆ ಜಯಾನ್‌ನ ಕೆಂಪು ಬಂಡೆಗಳಿಗೆ ಬಿಸಿಲು ಬೀಳುವಾಗ ಅಪ್ಪ ಮಡಚುವ ಕುರ್ಚಿಯಲ್ಲಿ ಕಾಫಿ ಲೋಟ ಹಿಡಿದು ಗಂಟೆಗಟ್ಟಲೆ ಕೂತಿದ್ದರು. ಆ ನೋಟಕ್ಕೆ ನಾನು ಎಷ್ಟು ದುಡ್ಡು ಬೇಕಾದರೂ ಕೊಡುತ್ತಿದ್ದೆ. ಆರ್‌ವಿಯೇ ಬೇಡ ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದದ್ದು ಸ್ವಂತದ್ದೋ ಬಾಡಿಗೆಯದೋ ಅನ್ನುವುದು ಮಾತ್ರ.

ಜಯಾನ್‌ನಿಂದ ಬ್ರೈಸ್‌ಗೆ ಹೋಗುವ ದಾರಿಯಲ್ಲಿ 1930ರಲ್ಲಿ ಮುಗಿದ ಸುರಂಗ ಇದೆ. ಆ ಕಾಲದ ಕಾರುಗಳಿಗೆ ಕೊರೆದದ್ದು. ಗಾಡಿ 11 ಅಡಿ 4 ಇಂಚು ಅಥವಾ ಅದಕ್ಕಿಂತ ಎತ್ತರ ಇದ್ದರೆ ಆಗ ಪರ್ಮಿಟ್ ಬೇಕಿತ್ತು. ನಾವು 15 ಡಾಲರ್ ಕಟ್ಟಿದೆವು, ಪಾರ್ಕಿನ ರೇಂಜರ್‌ಗಳು ಎದುರಿನ ವಾಹನ ನಿಲ್ಲಿಸಿ ನಮ್ಮನ್ನು ನಡುರಸ್ತೆಯಲ್ಲೇ ಓಡಿಸಿಕೊಂಡು ಹೋಗಲು ಬಿಟ್ಟರು. ಗಾಡಿಯ ಉದ್ದ ಎತ್ತರ ಕೊಳ್ಳುವ ಮೊದಲೇ ಯೋಚಿಸಬೇಕಾದ್ದು ಇಂಥ ಜಾಗಗಳಿಗಾಗಿ. ಮೊಂಟಾನಾದ ಗ್ಲೇಸಿಯರ್ ಪಾರ್ಕ್‌ನ ಗೋಯಿಂಗ್ ಟು ದಿ ಸನ್ ರಸ್ತೆಯ ನಡುಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದೇ ಇಲ್ಲ. ಅಂಗಡಿಯಲ್ಲಿ ನಾವು ಮೆಚ್ಚಿದ್ದು 31 ಅಡಿಯದ್ದು.

ಬ್ರೈಸ್ ಸುಮಾರು 8,000 ಅಡಿ ಎತ್ತರದಲ್ಲಿದೆ. ಏಪ್ರಿಲ್‌ನಲ್ಲೂ ಹಿಮ ಬಿದ್ದಿತ್ತು. ನಮ್ಮ ಜಾಗದಲ್ಲಿ ಕರೆಂಟ್ ಇರಲಿಲ್ಲ. ಹೀಟರ್ ಪ್ರೊಪೇನ್ ಗ್ಯಾಸಿನದು, ಗ್ಯಾಸ್ ಬೇಕಾದಷ್ಟಿದೆ ಅಂತ ಧೈರ್ಯವಾಗಿ ಮಲಗಿದೆವು. ಬೆಳಗಿನ ಜಾವ ನಾಲ್ಕಕ್ಕೆ ಹೀಟರ್ ನಿಂತಿತು. ಗ್ಯಾಸ್ ಇತ್ತು, ಆದರೆ ಬಿಸಿಗಾಳಿ ಊದುವ ಫ್ಯಾನ್ ಓಡುವುದು ಬ್ಯಾಟರಿಯಲ್ಲಿ. ಬ್ಯಾಟರಿ ಖಾಲಿ. ರಾತ್ರಿ ಹೊತ್ತು ಜನರೇಟರ್ ಹಾಕುವಂತಿಲ್ಲ. ಇದ್ದಬದ್ದ ರಗ್ಗೆಲ್ಲ ಅಪ್ಪ ಅಮ್ಮನಿಗೆ ಹೊದಿಸಿ, ಒಲೆ ಹಚ್ಚಿ ನೀರು ಕಾಯಿಸಿ ಬೆಳಗು ಮಾಡಿದೆವು. ಅಂಗಡಿಯಲ್ಲಿ ನೋಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಆ ಪ್ರವಾಸಕ್ಕೆ ಒಟ್ಟು 3,140 ಡಾಲರ್ ಖರ್ಚಾಯಿತು. ಬಾಡಿಗೆ 1,155. ಮೈಲಿಗೆ 40 ಸೆಂಟಿನಂತೆ 580. ಇನ್ಶೂರೆನ್ಸ್, ಪಾತ್ರೆ, ಹಾಸಿಗೆ, ತೆರಿಗೆ ಸೇರಿ 380. ಪೆಟ್ರೋಲ್ 725, ಯಾಕೆಂದರೆ ಗಾಡಿ ಗ್ಯಾಲನ್‌ಗೆ ಒಂಬತ್ತೇ ಮೈಲಿ ಕೊಟ್ಟಿತು. ಕ್ಯಾಂಪ್ ಜಾಗಗಳಿಗೆ 300. ನೋಡಿದರೆ ರಾತ್ರಿಗೆ 450 ಡಾಲರ್, ಒಳ್ಳೆಯ ಹೋಟೆಲ್ಲೇ ಸಿಗುತ್ತದೆ ಅನ್ನಿಸುತ್ತದೆ. ಆದರೆ ಪೆಟ್ರೋಲ್ ಮತ್ತು ಕ್ಯಾಂಪ್ ಜಾಗದ ದುಡ್ಡು ಸ್ವಂತ ಗಾಡಿ ಇದ್ದರೂ ಕೊಡಲೇಬೇಕು. ಅವೆರಡನ್ನೂ ತೆಗೆದು ಹಾಕಿದೆ. ಉಳಿದದ್ದು 2,115, ಅಂದರೆ ರಾತ್ರಿಗೆ ಸುಮಾರು 302 ಡಾಲರ್. ಸ್ವಂತದ ಜೊತೆ ಹೋಲಿಸಬೇಕಾದ್ದು ಈ ಅಂಕಿಯನ್ನು.

ಮೇ ತಿಂಗಳಲ್ಲಿ ಬಳಸಿದ ಗಾಡಿಯೊಂದನ್ನು ನೋಡಲು ಹೋದೆವು. 2017ರದ್ದು, 58,000 ಡಾಲರ್. ಕೊರೊನಾ ಕಾಲದಲ್ಲಿ ಮುಗಿಬಿದ್ದು ಕೊಂಡವರು ಆಗ ಮಾರತೊಡಗಿದ್ದರು. 2021ರಲ್ಲಿ ಉತ್ತರ ಅಮೆರಿಕದ ಕಾರ್ಖಾನೆಗಳಿಂದ 6 ಲಕ್ಷ ಆರ್‌ವಿ ಹೊರಬಂದಿದ್ದವು, 2023ಕ್ಕೆ ಅದು 3 ಲಕ್ಷದ ಆಸುಪಾಸಿಗೆ ಇಳಿಯಿತು. ನಾನು ಮೊದಲು ಅಟ್ಟದ ಮೂಲೆಗಳನ್ನು ಒತ್ತಿ ನೋಡಿದೆ, ಗಟ್ಟಿಯಾಗಿದ್ದವು. ಆಮೇಲೆ ಟೈರು. ಟೈರಿನ ಬದಿಯಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಬೇಕು. 2317 ಅಂದರೆ 2017ರ 23ನೇ ವಾರ ತಯಾರಾದದ್ದು. ಆ ಆರೂ ಟೈರುಗಳ ಹಲ್ಲು ಹೊಸದರಂತಿತ್ತು, ವಯಸ್ಸು ಆರು ವರ್ಷ. ಆರ್‌ವಿ ಟೈರು ಸವೆದು ಹೋಗುವುದು ಕಮ್ಮಿ. ನಿಂತಲ್ಲೇ ವಯಸ್ಸಾಗಿ ಒಡೆಯುವುದೇ ಜಾಸ್ತಿ.

ಅಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದರು. "ವರ್ಷಕ್ಕೆ ಎಷ್ಟು ದಿನ ಓಡಿಸ್ತೀರಿ?" ಅಂತ ಕೇಳಿದರು. ಊರಲ್ಲಿ ನಮ್ಮದು ಮೂರು ಎಕರೆ ತೆಂಗಿನ ತೋಟ. ಅಪ್ಪ ಯಾವತ್ತೂ ಟ್ರ್ಯಾಕ್ಟರ್ ಕೊಳ್ಳಲಿಲ್ಲ. ಉಳುವಾಗ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರಿಸುತ್ತಾರೆ. ಈಗ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿಂದಲೂ ಯಂತ್ರ ಬಾಡಿಗೆಗೆ ಸಿಗುತ್ತದೆ. "ಮೂರು ಎಕರೆಗೆ ವರ್ಷಕ್ಕೆ ಹತ್ತು ಗಂಟೆ ಕೆಲಸ. ಉಳಿದ ದಿನ ಅದು ಕೊಟ್ಟಿಗೇಲಿ ನಿಂತು ತುಕ್ಕು ಹಿಡಿಯುತ್ತೆ, ಕಂತು ಮಾತ್ರ ನಿಲ್ಲಲ್ಲ" ಅಂದರು.

ಆ ರಾತ್ರಿ ಕ್ಯಾಲೆಂಡರ್ ಹಿಡಿದು ಕೂತೆವು. ನಾವು ಹೋಗಬಹುದು ಅಂತ ಅಂದುಕೊಂಡ ದಿನಗಳನ್ನಲ್ಲ, ಸ್ಕೂಲಿನ ರಜೆಗೂ ನಮ್ಮಿಬ್ಬರ ರಜೆಗೂ ಹೊಂದುವ ದಿನಗಳನ್ನಷ್ಟೇ ಎಣಿಸಿದೆವು. ಜೂನ್‌ನ ಪ್ರವಾಸವೂ ಸೇರಿ 17 ರಾತ್ರಿ.

ಇನ್ನೊಂದು ಹಾಳೆಯಲ್ಲಿ ಸ್ವಂತ ಗಾಡಿಯ ವರ್ಷದ ಖರ್ಚು ಬರೆದೆ. ಐದು ವರ್ಷ ಇಟ್ಟು 33,000ಕ್ಕೆ ಮಾರಿದರೆ ವರ್ಷಕ್ಕೆ 5,000 ಕರಗುತ್ತದೆ. ಮಾರಾಟ ತೆರಿಗೆ ಹಂಚಿದರೆ ಸುಮಾರು 1,070. ಸಾಲದ ಬಡ್ಡಿ 2,600. ಇನ್ಶೂರೆನ್ಸ್ 1,100, ರಿಜಿಸ್ಟ್ರೇಷನ್ 550. ಚಾವಣಿ, ಬ್ಯಾಟರಿ, ಆಯಿಲ್, ಸಣ್ಣಪುಟ್ಟ ರಿಪೇರಿಗೆ 1,500, ಟೈರಿಗೆ 220. ನಮ್ಮ ಬಡಾವಣೆಯ ಸಂಘ ಮನೆ ಮುಂದೆ ಆರ್‌ವಿ ನಿಲ್ಲಿಸಲು ಬಿಡುವುದಿಲ್ಲ. ಅದನ್ನು ನಿಲ್ಲಿಸುವ ಜಾಗದ ಬಾಡಿಗೆಯೇ ತಿಂಗಳಿಗೆ 210, ವರ್ಷಕ್ಕೆ 2,520. ಎಲ್ಲ ಕೂಡಿದರೆ 14,500 ದಾಟುತ್ತದೆ. ಇದನ್ನು 302ರಿಂದ ಭಾಗಿಸಿದರೆ 48 ರಾತ್ರಿ. ವರ್ಷಕ್ಕೆ 48 ರಾತ್ರಿ ಮಲಗಿದರೆ ಮಾತ್ರ ಕೊಂಡದ್ದು ಸರಿಹೋಗುತ್ತದೆ. ನಮ್ಮದು 17. ಇಬ್ಬರೂ ಸುಮ್ನೆ ಕೂತೆವು. ಆಸೆ ಬಿಡುವುದು ಸುಲಭ ಆಗಲಿಲ್ಲ.

ಜೂನ್‌ನಲ್ಲಿ ಬಾಡಿಗೆಯ ಇನ್ನೊಂದು ಗುಣ ಕಂಡಿತು. ಗ್ರ್ಯಾಂಡ್ ಟೀಟನ್ ಮತ್ತು ಯೆಲ್ಲೋಸ್ಟೋನ್ ಪಾರ್ಕ್‌ಗಳಿಗೆ ಎಂಟು ರಾತ್ರಿ ಹೋಗಬೇಕಿತ್ತು. ಸ್ವಂತ ಗಾಡಿ ಇದ್ದಿದ್ದರೆ ಸ್ಯಾನ್ ಹೋಸೆಯಿಂದ ನೆವಾಡಾ ಮರಳುಗಾಡು ದಾಟಿ ಸಾವಿರ ಮೈಲಿಯಷ್ಟು ಓಡಿಸಬೇಕಿತ್ತು. ನಾವು ಸಾಲ್ಟ್ ಲೇಕ್ ಸಿಟಿಗೆ ವಿಮಾನದಲ್ಲಿ ಹೋಗಿ ಅಲ್ಲೇ ಗಾಡಿ ತೆಗೆದುಕೊಂಡೆವು. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಜ್ ಅನ್ನುವ ಕ್ಯಾಂಪ್ ಜಾಗದಲ್ಲಿ ನೀರು, ಕರೆಂಟ್, ಒಳಚರಂಡಿ ಮೂರೂ ಇವೆ. ಕರಡಿಗಳ ಓಡಾಟ ಇರುವುದರಿಂದ ಅಲ್ಲಿ ಟೆಂಟಿಗೆ ಅವಕಾಶ ಇಲ್ಲ, ಗಟ್ಟಿ ಗೋಡೆಯ ಗಾಡಿಗೆ ಮಾತ್ರ. ಅಮ್ಮನಿಗೆ ಅದು ಸಮಾಧಾನ ಕೊಟ್ಟಿತು.

ಕೊಳ್ಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಗೆಳೆಯರೊಬ್ಬರು 18,000 ಡಾಲರ್ ನಗದು ಕೊಟ್ಟು ಬಳಸಿದ ಟ್ರೇಲರ್ ತೆಗೆದುಕೊಂಡರು. ಎಳೆಯಲು ಪಿಕಪ್ ಮೊದಲೇ ಇತ್ತು, ನಿಲ್ಲಿಸಲು ಮನೆ ಪಕ್ಕದಲ್ಲೇ ಜಾಗ ಇತ್ತು. ಸಾಲ ಇಲ್ಲ, ಪಾರ್ಕಿಂಗ್ ಬಾಡಿಗೆ ಇಲ್ಲ, ಎಂಜಿನ್ ಇಲ್ಲ. ಅವರ ವರ್ಷದ ಖರ್ಚು 3,500ರ ಸುತ್ತ. ಹನ್ನೆರಡು ರಾತ್ರಿಗೇ ಗಿಟ್ಟುತ್ತದೆ, ಅವರು ಮೂವತ್ತು ರಾತ್ರಿ ಹೋಗುತ್ತಾರೆ. ಅವರು ಮಾಡಿದ್ದು ಸರಿ. ನಮ್ಮ ಸಿಯೆನ್ನಾ ವ್ಯಾನ್ ಎಳೆಯಬಲ್ಲದ್ದು 3,500 ಪೌಂಡ್ ಮಾತ್ರ, ಆರು ಜನ ಮಲಗುವ ಟ್ರೇಲರ್ ಅದಕ್ಕೆ ಭಾರ. ಮಿಷಿಗನ್, ಮಿನೆಸೋಟದಂಥ ಕಡೆ ಇರುವವರು ಇನ್ನೊಂದು ಖರ್ಚು ಸೇರಿಸಿಕೊಳ್ಳಬೇಕು. ಚಳಿಗಾಲಕ್ಕೆ ಮೊದಲು ಪೈಪಿನ ನೀರೆಲ್ಲ ಬಸಿದು ಆಂಟಿಫ್ರೀಜ್ ದ್ರವ ತುಂಬದಿದ್ದರೆ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತವೆ.

2024ರಲ್ಲಿ ಅಪ್ಪ ಅಮ್ಮ ಬರಲಿಲ್ಲ. ಆ ವರ್ಷ ನಾವು ಆರ್‌ವಿಯಲ್ಲಿ ಮಲಗಿದ್ದು ಆರೇ ರಾತ್ರಿ, ಉಳಿದದ್ದೆಲ್ಲ ಹಳೇ ಟೆಂಟಿನಲ್ಲಿ. ಗಾಡಿ ಕೊಂಡಿದ್ದರೆ ಆ ಆರು ರಾತ್ರಿಗೂ ಅಷ್ಟೇ 14,500 ಕಟ್ಟುತ್ತಿದ್ದೆವು.

ಈಗ ನಮ್ಮ ಸ್ವಂತದ್ದು ಅಂತ ಇರುವುದು ಗ್ಯಾರೇಜಿನಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬ. ಅದರಲ್ಲಿ ಮೂರು ಲೀಟರಿನ ಕುಕ್ಕರ್, ಮಸಾಲೆ ಡಬ್ಬಿ, ಫಿಲ್ಟರ್ ಕಾಫಿಯ ಸಾಮಾನು, ರಬ್ಬರ್ ಗ್ಲೌಸ್, ನೀರಿನ ಒತ್ತಡ ತಗ್ಗಿಸುವ ರೆಗ್ಯುಲೇಟರ್, 30 ಆಂಪ್ ಪ್ಲಗ್ಗಿನ ಅಡಾಪ್ಟರ್, ಚಕ್ರದ ಕೆಳಗೆ ಇಡುವ ಹಲಗೆಗಳು, ಮತ್ತೆ ಬ್ರೈಸ್‌ನ ಆ ರಾತ್ರಿಯ ನಂತರ ಕೊಂಡ ಆರು ದಪ್ಪ ರಗ್ಗು. ಯಾವ ಊರಲ್ಲಿ ಗಾಡಿ ಹಿಡಿದರೂ ಮೊದಲು ಅಟ್ಟದ ಮೂಲೆ ಒತ್ತಿ ನೋಡುತ್ತೇನೆ. ಆಮೇಲೆ ಡಬ್ಬ ಒಳಗಿಡುತ್ತೇವೆ.